ಬೌದ್ಧಿಕ ಅಂಗವೈಕಲ್ಯ ಇರುವ ಕ್ರೀಡಾಪಟುಗಳಿಗೆ ಭಾಷಣ ಮಾಡಲು ಹೇಗೆ ಕಲಿಸುತ್ತಾರೆ?

ಇಂಥವರಿಗಾಗಿಯೇ ಕ್ರೀಡೆ ನಡೆಸುವ ಸಂಸ್ಥೆಯಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆಂದೇ ‘ಗ್ಲೋಬಲ್ ಮೆಸೆಂಜರ್’ ತರಬೇತಿ ಇದೆ. ಅಮೆರಿಕದ ಓಟಗಾರ್ತಿ ಲೊರೆಟ್ಟಾ ಕ್ಲೇಬೋರ್ನ್ ಅವರಂಥವರು ಇದೇ ಸಂಸ್ಥೆಯಿಂದ ಬಂದು ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿದ್ದಾರೆ. 1996ರಲ್ಲಿ ಲೊರೆಟ್ಟಾ ಅವರಿಗೆ, ಧೈರ್ಯಕ್ಕಾಗಿ ಕೊಡುವ ಆರ್ಥರ್ ಆಶ್ ಪ್ರಶಸ್ತಿಯೂ ಸಿಕ್ಕಿತು.

ನನ್ನ ಪ್ರಕಾರ ಮುಖ್ಯವಾದದ್ದು, ಭಾಷಣ ಆ ಕ್ರೀಡಾಪಟುವಿನದೇ ಆಗಿರಬೇಕು. ಕೋಚ್ ಬರೆದುಕೊಟ್ಟದ್ದನ್ನು ಸುಮ್ನೆ ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. “ಮೊದಲ ಪದಕ ಬಂದಾಗ ಮನೆಯಲ್ಲಿ ಯಾರು ಏನಂದ್ರು?” ಅಂತ ಕೇಳಿ. ಅವರು ಹೇಳಿದ ಮಾತನ್ನು ತಿದ್ದದೆ ಹಾಗೇ ಬರೆದುಕೊಳ್ಳಿ. ಒಂದು ಕಾರ್ಡಿಗೆ ಒಂದೇ ವಿಷಯ, ದೊಡ್ಡ ಅಕ್ಷರ. ಓದಲು ಬಾರದವರಿಗೆ ಚಿತ್ರ ಸಾಕು.

ನಿಜವಾದ ಮೈಕ್ ಹಿಡಿಸಿಯೇ ಅಭ್ಯಾಸ ಮಾಡಿಸಿ. ತಮ್ಮ ದನಿ ಸ್ಪೀಕರ್‌ನಲ್ಲಿ ಜೋರಾಗಿ ಕೇಳಿದಾಗ ಕೆಲವರು ಬೆಚ್ಚಿಬೀಳುತ್ತಾರೆ. ಮಧ್ಯದಲ್ಲಿ ತಡವರಿಸಿದರೆ ದಯವಿಟ್ಟು ಕಾಯಿರಿ, ಅವರ ವಾಕ್ಯವನ್ನು ನೀವು ಮುಗಿಸಬೇಡಿ.