ಅಪಾರ್ಟ್‌ಮೆಂಟ್ ಕಾಮಗಾರಿಯ ಎಲ್ಲ ಸಾಮಗ್ರಿಗೂ ಮೊದಲೇ ದರ ನಿಗದಿ ಮಾಡಿಕೊಳ್ಳುವುದು ಸರಿಯೇ?

ಬೆಂಗಳೂರಿನ ಹೊರವಲಯದಲ್ಲಿ ಎರಡೂವರೆ ವರ್ಷದ ಅಪಾರ್ಟ್‌ಮೆಂಟ್ ಕಾಮಗಾರಿ ಆರಂಭವಾಗಲಿದೆ, ಕಬ್ಬಿಣ, ಸಿಮೆಂಟ್, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸುವ ಮರಳು) ಎಲ್ಲಕ್ಕೂ ಈಗಲೇ ದರ ಕುದುರಿಸಿ ಒಬ್ಬೊಬ್ಬ ಪೂರೈಕೆದಾರರಿಗೆ ಪೂರ್ತಿಯಾಗಿ ವಹಿಸಿಬಿಡಬಹುದೇ ಎಂದು ಕೇಳಿದ್ದೀರಿ. ಇಂಥ ಕಾಮಗಾರಿಗಳ ಖರೀದಿ ವಿಭಾಗದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ ಹಾಗೆ ಮಾಡಬಾರದು. ಬೆಲೆ ಏರುವುದು ಒಂದು ತೊಂದರೆ, ಮಾಲು ಬಾರದೇ ಇರುವುದು ಇನ್ನೊಂದು. ಮೊದಲನೆಯದಕ್ಕೆ ಹೂಡಿದ ಉಪಾಯವೇ ಅನೇಕ ಸಲ ಎರಡನೆಯದನ್ನು ತಂದೊಡ್ಡುತ್ತದೆ. ತೀರಾ ಕಡಿಮೆ ದರಕ್ಕೆ ಒಪ್ಪಿಕೊಂಡ ಪೂರೈಕೆದಾರರು ಮಾರುಕಟ್ಟೆ ಏರಿದ ಕೂಡಲೇ ಲಾರಿಗಳನ್ನು ಹೆಚ್ಚು ಹಣ ಕೊಡುವ ಸೈಟಿಗೆ ತಿರುಗಿಸುತ್ತಾರೆ, ಮತ್ತು ಕರಾರು ಪತ್ರವನ್ನು ಹಿಡಿದುಕೊಂಡು ಸ್ಲ್ಯಾಬ್ ಹಾಕಲು ಬರುವುದಿಲ್ಲ.

ಕಬ್ಬಿಣದಲ್ಲಿ ನಿಮ್ಮ ಮುಖ್ಯ ಸಮಸ್ಯೆ ಬೆಲೆ. ಉಕ್ರೇನ್ ಯುದ್ಧದ ನಂತರ 2022ರಲ್ಲಿ ಬೆಲೆ ಏರುತ್ತ ಹೋದಾಗ, ಇನ್ನೂ ಏರೀತೆಂದು ಹೆದರಿ ಒಂದೇ ಸಲಕ್ಕೆ ಖರೀದಿಸಿದವರಿದ್ದರು; ಆದರೆ ಅದೇ ವರ್ಷದ ಮೇ 22ರಿಂದ ಕೇಂದ್ರ ಸರ್ಕಾರ ಹಲವು ಉಕ್ಕಿನ ಉತ್ಪನ್ನಗಳ ಮೇಲೆ ಶೇ. 15ರಷ್ಟು ರಫ್ತು ಸುಂಕ ಹೇರಿದ ಬಳಿಕ ದೇಶದೊಳಗಿನ ಬೆಲೆ ಇಳಿಯಿತು. ಆದ್ದರಿಂದ ಮುಂದಿನ ಕೆಲವು ಸ್ಲ್ಯಾಬ್‌ಗಳಿಗೆ ಬೇಕಾಗುವಷ್ಟಕ್ಕೆ ಮಾತ್ರ ದರ ಕಟ್ಟಿಕೊಂಡು, ಉಳಿದದ್ದನ್ನು ಕಾರ್ಖಾನೆಯ ಆಯಾ ತಿಂಗಳ ದರಕ್ಕೆ ಬಿಡುವುದು ಲೇಸು. ದರದ ಚರ್ಚೆಯ ಗದ್ದಲದಲ್ಲಿ ತೂಕವನ್ನು ಮರೆಯಬೇಡಿ: ಕಾಂಕ್ರೀಟಿಗೆ ಬಳಸುವ ಕಬ್ಬಿಣದ ಸರಳುಗಳ ಭಾರತೀಯ ಮಾನಕವಾದ ಐಎಸ್ 1786ರ ಪ್ರಕಾರ 10 ಎಂಎಂವರೆಗಿನ ಸರಳುಗಳ ತೂಕದಲ್ಲಿ ಶೇ. 7ರಷ್ಟು ಹೆಚ್ಚು-ಕಡಿಮೆಗೆ ಅವಕಾಶವಿದೆ. ನೀವು ವೇಬ್ರಿಡ್ಜ್‌ನಲ್ಲಿ ಲಾರಿಯನ್ನೇ ತೂಗಿ ಬಂದ ತೂಕಕ್ಕೆ ಹಣ ಕೊಡುತ್ತೀರಿ, ಗುತ್ತಿಗೆದಾರರ ಬಿಲ್ಲು ಮಾತ್ರ ನಕ್ಷೆಯ ಉದ್ದವನ್ನು ಪ್ರಮಾಣಿತ ತೂಕದಿಂದ ಗುಣಿಸಿ ಬರುತ್ತದೆ. ಸರಳು ಪ್ರಮಾಣಿತ ತೂಕಕ್ಕಿಂತ ಭಾರವಾದಷ್ಟೂ, ನೀವು ಹಣ ಕೊಟ್ಟ ಕಬ್ಬಿಣದಲ್ಲಿ ಅಷ್ಟು ಭಾಗ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಟನ್ನಿಗೆ ಇನ್ನೂರು ರೂಪಾಯಿ ಇಳಿಸಲು ವಾರಗಟ್ಟಲೆ ಚೌಕಾಶಿ ನಡೆಸುವ ಕಚೇರಿಗಳು ಇದನ್ನು ತೂಗಿ ನೋಡದಿರುವುದು ನನಗೆ ಸದಾ ವಿಚಿತ್ರವಾಗಿ ಕಂಡಿದೆ.

ಎಂ-ಸ್ಯಾಂಡ್ ಮತ್ತು ಜಲ್ಲಿಯ ಕಥೆಯೇ ಬೇರೆ. ಒಟ್ಟು ವೆಚ್ಚದಲ್ಲಿ ಇವುಗಳ ಪಾಲು ಕಬ್ಬಿಣದಷ್ಟಿಲ್ಲ, ಆದರೆ ಎರಡು ದಿನ ಬಾರದಿದ್ದರೆ ಸೈಟೇ ನಿಲ್ಲುತ್ತದೆ. ಸರ್ಕಾರಕ್ಕೆ ಕಟ್ಟಬೇಕಾದ ರಾಜಧನದ (ರಾಯಲ್ಟಿ) ವಿಷಯಕ್ಕೆ ಕ್ರಷರ್ (ಕಲ್ಲು ಪುಡಿಮಾಡುವ ಘಟಕ) ಮಾಲೀಕರು ಬಾಗಿಲು ಹಾಕಬಹುದು, ಮಳೆಗಾಲದಲ್ಲಿ ಕ್ವಾರಿಗೆ ನೀರು ತುಂಬಬಹುದು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ ಏರಿಕೆಯನ್ನು ವಿರೋಧಿಸಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದಂತೆ ಲಾರಿಗಳೇ ನಿಲ್ಲಬಹುದು. ಇಲ್ಲಿ ಸ್ವಲ್ಪ ಹೆಚ್ಚು ದರ ಕೊಟ್ಟಾದರೂ ಬೇರೆ ಬೇರೆ ದಿಕ್ಕಿನ ಕನಿಷ್ಠ ಎರಡು ಕ್ರಷರ್‌ಗಳಿಂದ ನಿತ್ಯವೂ ಮಾಲು ತರಿಸುತ್ತಿರಬೇಕು. ಎರಡನೆಯವರನ್ನು ಆಪತ್ತಿಗೆಂದು ಕಾಗದದ ಮೇಲಷ್ಟೇ ಇಟ್ಟುಕೊಂಡರೆ, ಆಪತ್ತು ಬಂದ ದಿನ ಅವರು ತಮ್ಮ ಖಾಯಂ ಗಿರಾಕಿಗಳಿಗೇ ಮೊದಲು ಕೊಡುತ್ತಾರೆ. ಅಲ್ಲದೆ ಎರಡನೆಯ ಕ್ರಷರ್‌ನ ಮರಳಿಗೂ ಕಾಂಕ್ರೀಟ್ ಮಿಕ್ಸ್ ಡಿಸೈನ್ (ಯಾವ ಸಾಮಗ್ರಿ ಎಷ್ಟು ಬೆರೆಸಬೇಕೆಂಬ ಲೆಕ್ಕ) ಮೊದಲೇ ಮಾಡಿಸಿಡಬೇಕು, ಏಕೆಂದರೆ ಕಾಂಕ್ರೀಟಿನ ಬಲ ಅಳೆಯುವ 28 ದಿನದ ಕ್ಯೂಬ್ ಪರೀಕ್ಷೆಯನ್ನು ಮುಷ್ಕರದ ನಡುವೆ ಮುಗಿಸಲಾಗದು.

ಸಿಮೆಂಟನ್ನು ಕೂಡಿಟ್ಟು ಪ್ರಯೋಜನವಿಲ್ಲ. ಚೀಲದಲ್ಲಿ ಮೂರು ತಿಂಗಳು ಕೂತರೆ ಅದರ ಬಲ ಕುಂದುತ್ತದೆ. ಲಿಫ್ಟ್, ಜನರೇಟರ್‌ಗಳಂಥವುಗಳಲ್ಲಿ ದರಕ್ಕಿಂತ ನಕ್ಷೆ ಅಂತಿಮಗೊಳ್ಳುವ ದಿನಾಂಕವೇ ಮುಖ್ಯ. ಆರ್ಡರ್ ತಡವಾಗುವುದು ಸಾಮಾನ್ಯವಾಗಿ ನಮ್ಮ ಕಚೇರಿಗಳಲ್ಲಿಯೇ ಹೊರತು ಬಂದರಿನಲ್ಲಲ್ಲ.

ಇನ್ನು ಗುತ್ತಿಗೆ. ಬೆಲೆ ಏರಿಕೆಯನ್ನೆಲ್ಲ ಗುತ್ತಿಗೆದಾರರ ತಲೆಗೆ ಕಟ್ಟಿದರೆ ಅವರು ಆ ಭಯಕ್ಕೂ ಸೇರಿಸಿಯೇ ದರ ನಮೂದಿಸುತ್ತಾರೆ, ಇಲ್ಲವೇ ಅರ್ಧದಲ್ಲಿ ಕೆಲಸ ನಿಧಾನಿಸುತ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ 10ಸಿಎ ಎಂಬ ಕಲಮಿನಡಿ ಸಿಮೆಂಟ್, ಕಬ್ಬಿಣಗಳಿಗೆ ಮೂಲ ಬೆಲೆಯನ್ನು ನಮೂದಿಸಿ ಏರಿಳಿತವನ್ನು ಎರಡೂ ಕಡೆಗೆ ಹೊಂದಿಸುತ್ತಾರೆ; ಖಾಸಗಿ ಗುತ್ತಿಗೆಗೂ ಅದೇ ಮಾದರಿಯನ್ನು ಅಳವಡಿಸಬಹುದು. ಮೂಲ ದರವನ್ನೂ ತೆರಿಗೆಯನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಸೇರಿಸಿ ಒಂದೇ ಮೊತ್ತ ಬರೆದುಕೊಂಡ ಕರಾರುಗಳಲ್ಲಿ ಆ ಉಳಿತಾಯವನ್ನು ಮರಳಿ ಕೇಳಲು ಪ್ರತಿಯೊಂದು ಬಿಲ್ಲಿಗೂ ವಾದ ಮಾಡಬೇಕಾಗುತ್ತದೆ.