ಲೆಕ್ಕ ಸರಿಯೇ ಇತ್ತು

ಪ್ರಶ್ನೆ: 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದ್ದಕ್ಕೆ ಮನುಷ್ಯನ ದುರಾಸೆಯೇ ಕಾರಣ ಎಂದು ನಮ್ಮ ಫಾದರ್ ಪ್ರಬೋಧನೆಯಲ್ಲಿ ಹೇಳಿದರು. ಎಂಬಿಎ ಓದುವ ಮಗ ನಗುತ್ತಾನೆ. ಅದು ಲೆಕ್ಕದ ತಪ್ಪು, ಪಾಪಕ್ಕೂ ಅದಕ್ಕೂ ಏನು ಸಂಬಂಧ ಅನ್ನುತ್ತಾನೆ. ಯಾರು ಸರಿ?
– ಹೊನ್ನಾವರದ ಓದುಗರು

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಮೂವತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವನು ನಾನು. ಈಗ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಕ್ಯಾಟೆಕಿಸಮ್ ಅಂದರೆ ಧರ್ಮಪಾಠ, ನಮ್ಮ ಕೊಂಕಣಿಯ ದೊತೊರ್ನ್, ಹೇಳಿಕೊಡುತ್ತೇನೆ. ಹಾಗಾಗಿ ಎರಡೂ ಕಡೆಯವರು ನನ್ನನ್ನೇ ಹಿಡಿಯುತ್ತಾರೆ. ಫಾದರ್ ಹೇಳಿದ್ದು ಸರಿ, ಆದರೆ ಅರ್ಧಕ್ಕೇ ನಿಲ್ಲಿಸಿದರು.

ಬೈಬಲಿನ ವಿಮೋಚನಕಾಂಡದ 22ನೇ ಅಧ್ಯಾಯ ತೆಗೆಯಿರಿ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸು ಕೊಡಬೇಕು, ಇಲ್ಲದಿದ್ದರೆ ಅವನು ಏನು ಹೊದ್ದು ಮಲಗಿಯಾನು ಎಂದಿದೆ ಅಲ್ಲಿ. ಧರ್ಮೋಪದೇಶಕಾಂಡ 24 ಇನ್ನೂ ಒಂದು ಮಾತು ಸೇರಿಸುತ್ತದೆ: ಒತ್ತೆ ತರಲು ಹೋದಾಗ ಮನೆಯೊಳಗೆ ನುಗ್ಗಬೇಡ, ಹೊರಗೇ ನಿಲ್ಲು. ಬ್ಯಾಂಕಿನವನ ಕಣ್ಣಿಗೆ ಇದು ಹುಚ್ಚು ನಿಯಮ. ಸಂಜೆಗೆ ವಾಪಸು ಕೊಡುವ ಒತ್ತೆ ಯಾವ ಭದ್ರತೆ? ಆದರೆ ಯೋಚಿಸಿ, ಸಾಲ ಕೊಟ್ಟವನು ದಿನಾ ಸಂಜೆ ಸಾಲಗಾರನ ಬಾಗಿಲಿಗೆ ಹೋಗಲೇಬೇಕು. ಒಳಗೆ ಒಲೆ ಹೊತ್ತಿದೆಯೋ ಇಲ್ಲವೋ ಅವನಿಗೆ ಗೊತ್ತಾಗಿಯೇ ಆಗುತ್ತದೆ.

2008ರಲ್ಲಿ ಕಡಿದುಹೋಗಿದ್ದು ಈ ಬಾಗಿಲಿಗೆ ಹೋಗುವ ದಾರಿ. ತೀರಿಸಲಾರದವರಿಗೂ ಮನೆ ಸಾಲ ಕೊಟ್ಟರು. ಕೊಟ್ಟ ಸಾಲವನ್ನು ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಸಾವಿರಾರು ಸಾಲಗಳನ್ನು ಕಟ್ಟು ಕಟ್ಟಿ ಬಾಂಡು ಮಾಡಿ ಮಾರಿದರು. ಬಾಂಡು ಎಷ್ಟು ಭದ್ರ ಎಂದು ದರ್ಜೆ ಕೊಡುವ ರೇಟಿಂಗ್ ಸಂಸ್ಥೆಗಳು ಅವುಗಳಲ್ಲಿ ಬಹಳಷ್ಟಕ್ಕೆ ಅತ್ಯುತ್ತಮ ದರ್ಜೆ ಒತ್ತಿದವು. ಸಾಲ ಕೊಟ್ಟವನ ಕಮಿಷನ್ ಜೇಬಿಗೆ ಬಿತ್ತು, ಮುಳುಗಿದರೆ ಮುಳುಗುವುದು ಕೊಂಡವನದು, ಆ ಕೊಂಡವನೋ ಇನ್ನೊಂದು ಖಂಡದಲ್ಲಿ. ಮನೆಗಳ ಬೆಲೆ ಇಳಿಯುವುದಿಲ್ಲ ಎಂದು ಹೆಚ್ಚಿನವರು ನಂಬಿದ್ದರು. ಇಳಿಯಿತು. ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ 600 ಬಿಲಿಯನ್ ಡಾಲರಿಗೂ ಮಿಕ್ಕಿದ ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿತು. ಲಾಭವೊಂದೇ ಗುರಿಯಾದರೆ ಅದು ಇದ್ದ ಸಂಪತ್ತನ್ನೂ ಕೆಡಿಸಿ ಬಡತನ ಹುಟ್ಟಿಸೀತು ಎಂದು ಪೋಪ್ 16ನೇ ಬೆನೆಡಿಕ್ಟ್ 2009ರ ವಿಶ್ವಪತ್ರದಲ್ಲಿ, ಅಂದರೆ ಇಡೀ ಧರ್ಮಸಭೆಗೆ ಬರೆದ ಪತ್ರದಲ್ಲಿ, ಎಚ್ಚರಿಸಿದರು. ಲಾಭ ಪಾಪ ಅನ್ನಲಿಲ್ಲ. ಅದನ್ನು ಎಷ್ಟು ಸಲ ಹೇಳಬೇಕೋ!

ಇನ್ನು ನಮ್ಮ ಕರಾವಳಿಗೆ ಬನ್ನಿ. ಬೇಲೆಕೇರಿ ಬಂದರಿಗೆ ಬಳ್ಳಾರಿ ಕಡೆಯ ಅದಿರು ಹಗಲು ರಾತ್ರಿ ಬರುತ್ತಿದ್ದ ಕಾಲವನ್ನು ಅಂಕೋಲೆಯವರು ಮರೆತಿರಲಿಕ್ಕಿಲ್ಲ. ರಸ್ತೆ ಬದಿಯ ತುಳಸಿಕಟ್ಟೆಗೂ ಶಿಲುಬೆಗೂ ಒಂದೇ ಕೆಂಧೂಳು. ಜಾಗ ಅಡವಿಟ್ಟು ಲಾರಿ ತೆಗೆದವರಿದ್ದರು. ನನ್ನ ಬಾವನ ಮಗನೂ ಒಂದು ತೆಗೆದ. ಜಾಮೀನು ಸಹಿ ನನ್ನದು. ಊರಿಗೆಲ್ಲ ಬುದ್ಧಿ ಹೇಳುವ ನಾನೇ ಹಾಕಿದೆ ನೋಡಿ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಲಾರಿ ಗೇರುಮರದ ಕೆಳಗೆ ನಿಂತಿತು, ಕಂತು ನಿಲ್ಲಲಿಲ್ಲ. ನಾಲ್ಕು ವರ್ಷ ನಾನು ಕಟ್ಟಿದೆ.

ಹುಡುಗ ದುರಾಸೆಯವನಲ್ಲ, ಒಳ್ಳೆಯವನೇ. ತಿಂಗಳಿಗೆ ಎಷ್ಟು ಟ್ರಿಪ್, ಡೀಸೆಲ್ ಎಷ್ಟು, ಟಯರ್ ಎಷ್ಟು ಎಂದು ನಾವಿಬ್ಬರೂ ಕೂತು ಬರೆದಿದ್ದೆವು. ಲೆಕ್ಕ ಸರಿಯೇ ಇತ್ತು. ಆ ಮಣ್ಣು ಯಾರ ಗುಡ್ಡದ್ದು, ಅದಕ್ಕೆ ಪರವಾನಗಿ ಇದೆಯೋ ಎಂದು ಮಾತ್ರ ಇಬ್ಬರೂ ಕೇಳಲಿಲ್ಲ. ಕೇಳಿದರೆ ಲೆಕ್ಕ ಕೆಡುತ್ತದೆಂದು ಒಳಗೆಲ್ಲೋ ಗೊತ್ತಿತ್ತು. ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ.

ಅವನು ನಾಳೆ ಬ್ಯಾಂಕಿಗೆ ಸೇರಿದರೆ ಸಾಲಗಾರನ ಮನೆಗೆ ಒಮ್ಮೆ ಹೋಗಿ ಬಂದೇ ಸಹಿ ಹಾಕಲಿ. ಮತ್ತೆ ನೀವು, ಯಾರಿಗೂ ಜಾಮೀನು ನಿಲ್ಲಬೇಡಿ, ಒಡಹುಟ್ಟಿದವರಿಗೂ. ಜ್ಞಾನೋಕ್ತಿ 6ನೇ ಅಧ್ಯಾಯದಲ್ಲಿ ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ ಎಂದಿದೆ. ಕಠಿಣ ಅನಿಸೀತು. ಅನಿಸಲಿ.

ಪ್ರಶ್ನೆ: ಹಣವೇ ಎಲ್ಲ ಕೆಡುಕಿಗೆ ಮೂಲ ಎಂದು ಬೈಬಲ್ ಹೇಳುತ್ತದಲ್ಲವೇ? – ಶಿರಸಿ

ಉತ್ತರ: ಇಲ್ಲ. 1 ತಿಮೊಥೆಯ 6:10 ಹೇಳುವುದು ಹಣದ ಆಸೆಯನ್ನು.

ಪ್ರಶ್ನೆ: ‘ಬಿತ್ತನೆ ಕಾಣಿಕೆ’ ಹಾಕಿದರೆ ನೂರ್ಮಡಿ ಬರುತ್ತದೆ, ಸಾಲವೆಲ್ಲ ತೀರುತ್ತದೆ ಎಂದು ಬೋಧಕರೊಬ್ಬರು ಯೂಟ್ಯೂಬಿನಲ್ಲಿ ಹೇಳುತ್ತಾರೆ. ಹಾಕಲೇ? – ಕಾರವಾರ

ಉತ್ತರ: ಹಾಕಬೇಡಿ. ಮಾರ್ಕ 10:30ರಲ್ಲಿ ನೂರ್ಮಡಿಯ ಮಾತಿದೆ, ‘ಹಿಂಸೆಗಳ ಸಹಿತ’ ಎಂದೂ ಇದೆ. ಆ ಬೋಧಕರು ಅಷ್ಟನ್ನು ಮಾತ್ರ ನುಂಗುತ್ತಾರೆ. ನೂರಕ್ಕೆ ಹತ್ತು ಸಾವಿರ ಖಾತ್ರಿ ಎನ್ನುವವರು ತಮ್ಮ ನೂರನ್ನು ನಿಮ್ಮ ಕೈಗೆ ಯಾಕೆ ಕೊಡುವುದಿಲ್ಲ? ಮೊದಲು ಸೊಸೈಟಿಯ ಕಂತು ಕಟ್ಟಿ.

ಪ್ರಶ್ನೆ: ಆಧಾರ್ ಸಂಖ್ಯೆಗೂ ಬೈಬಲಿನ ಮೃಗದ ಸಂಖ್ಯೆ 666ಕ್ಕೂ...

ಉತ್ತರ: ಇಲ್ಲ.

ಪ್ರಶ್ನೆ: ಅಣ್ಣ ಆಸ್ತಿಯಲ್ಲಿ ಪಾಲು ಕೊಡುತ್ತಿಲ್ಲ. ದುರಾಸೆಯ ಬಗ್ಗೆ ಒಂದು ಒಳ್ಳೆಯ ವಾಕ್ಯ ತಿಳಿಸಿ, ಅವನಿಗೆ ವಾಟ್ಸಾಪ್ ಮಾಡುತ್ತೇನೆ. – ಕುಮಟಾ

ಉತ್ತರ: ಲೂಕ 12:13ರಿಂದ ಓದಿ. ಯೇಸುಸ್ವಾಮಿಯ ಹತ್ತಿರವೂ ಒಬ್ಬ ಇದೇ ದೂರು ತಂದಿದ್ದ. ಅವರು ಪಾಲು ಮಾಡಿಕೊಡಲು ಒಪ್ಪಲಿಲ್ಲ. ದುರಾಸೆಯ ಎಚ್ಚರಿಕೆ ಬಂದದ್ದು ದೂರು ತಂದವನ ಎದುರಿಗೇ, ಅಣ್ಣ ಅಲ್ಲಿ ಮಾತೇ ಆಡಿಲ್ಲ. ಕಳಿಸುವುದಿದ್ದರೆ ಕಳಿಸಿ. ಪಾಲಿಗೆ ಕುಮಟಾದಲ್ಲಿ ವಕೀಲರಿದ್ದಾರೆ.