ಹಿತ್ತಲಿನ ಸೇಬು: ಲಾಭವೇನು ಎಂದು ಕೇಳಿದವರಿಗೆ

ಈ ಬಾರಿ ಬಂದ ಪತ್ರಗಳಲ್ಲಿ ಸೇಬಿನದೇ ಸುಗ್ಗಿ. ಮಾವು, ಪೇರಲೆ, ನುಗ್ಗೆ ಎಂದು ಕೇಳುತ್ತಿದ್ದವರು ಒಮ್ಮೆಗೇ ಹಿಮಾಲಯದ ಕಡೆ ಮುಖ ಮಾಡಿದಂತಿದೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಿವೃತ್ತಿಯ ನಂತರ ಮನೆ ಕಟ್ಟಿಸಿದ್ದೇನೆ. ಹಿತ್ತಲಿನಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ಜಾಗ ಖಾಲಿ ಇದೆ. ಸೇಬಿನ ಸಸಿ ಮಾರಲು ಬಂದವರು ಎರಡನೇ ವರ್ಷಕ್ಕೇ ಗಿಡಕ್ಕೆ ನೂರು ಹಣ್ಣು ಎನ್ನುತ್ತಾರೆ. ನಿಜವಾಗಿ ಲಾಭವಿದೆಯೇ?
— ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಮೇಷ್ಟ್ರೇ, ಎರಡನೇ ವರ್ಷದ ನೂರು ಹಣ್ಣು ಸಸಿ ಮಾರುವವರ ಬಾಯಲ್ಲಿ ಮಾತ್ರ ಬಿಡುತ್ತದೆ. ಎರಡನೇ ವರ್ಷ ನಾಲ್ಕು ಹೂ ಬಂದರೂ ನಾನು ಚಿವುಟಿ ಹಾಕುತ್ತೇನೆ. ಎಳೆಯ ಗಿಡ ಹಣ್ಣು ಹೊರಲು ಹೊರಟರೆ ರೆಂಬೆ ಬಲಿಯುವುದಿಲ್ಲ. ಹಣ್ಣಿನ ಮಾತೇನಿದ್ದರೂ ಮೂರು, ನಾಲ್ಕನೇ ವರ್ಷದಿಂದ. ನನ್ನ ಹಿತ್ತಲಿನ ಎರಡು ಮರಗಳಿಗೆ ಈಗ ಏಳು ವರ್ಷ. ಕಳೆದ ಬೇಸಿಗೆಯಲ್ಲಿ ಎರಡೂ ಸೇರಿ ತಕ್ಕಡಿಗೆ ಬಂದದ್ದು 11 ಕಿಲೋ. ಅಳಿಲು, ಗಿಳಿಗಳ ಪಾಲು ಲೆಕ್ಕಕ್ಕೆ ಸಿಕ್ಕಿಲ್ಲ.

ಖರ್ಚು ಉಳಿಸುವುದೇ ಉದ್ದೇಶವಾದರೆ ಆ ಜಾಗದಲ್ಲಿ ಒಂದು ಪೇರಲೆ, ಒಂದು ನಿಂಬೆ ನೆಡಿ. ಆರೋಗ್ಯದ ಲೆಕ್ಕ ಹಾಕಿದರೂ ಪೇರಲೆಯೇ ಗೆಲ್ಲುತ್ತದೆ: 100 ಗ್ರಾಂ ಸೇಬಿನಲ್ಲಿ ಸಿ ಜೀವಸತ್ವ ಸುಮಾರು 5 ಮಿಲಿಗ್ರಾಂ, ಅಷ್ಟೇ ತೂಕದ ಪೇರಲೆಯಲ್ಲಿ 200 ಮಿಲಿಗ್ರಾಂ ದಾಟುತ್ತದೆ. ಸೇಬಿನ ಹೆಚ್ಚುಗಾರಿಕೆ ಏನಾದರೂ ಇದ್ದರೆ ಅದರ ನಾರಿನಲ್ಲಿ, ಅದೂ ಸಿಪ್ಪೆ ಸಮೇತ ತಿಂದರೆ.

ಆ ಸಿಪ್ಪೆಯ ವಿಷಯದಲ್ಲಿಯೇ ಹಿತ್ತಲಿನ ಮರದ ಮೊದಲ ಲಾಭ. ಅಂಗಡಿಯ ಸೇಬು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಮಲಗಿ ಬಂದಿರಬಹುದು, ಹೊಳಪಿಗೆ ಮೇಣ ಹಚ್ಚಿಸಿಕೊಂಡಿರಬಹುದು. ಆ ಮೇಣದ ಭಯಕ್ಕೆ ಸಿಪ್ಪೆ ಹೆರೆದು ಎಸೆಯುವ ಮನೆಗಳೇ ಹೆಚ್ಚು. ಮನೆಯ ಮರದ ಹಣ್ಣನ್ನು ಲುಂಗಿಯ ಅಂಚಿಗೆ ಒರೆಸಿಕೊಂಡು ಕಚ್ಚಬಹುದು. ನಮ್ಮ ಕಡೆಯ ಹಣ್ಣಿಗೆ ಅಂಗಡಿಯ ಕಡುಗೆಂಪು ಬರುವುದಿಲ್ಲ ಎಂಬುದೂ ತಿಳಿದಿರಲಿ. ಆ ಬಣ್ಣ ಏರಲು ರಾತ್ರಿ ತಂಪಾಗಿರಬೇಕು. ನಮ್ಮದು ಹಳದಿ ಮಿಶ್ರಿತ ಹಸಿರು, ಬಿಸಿಲು ಬಿದ್ದ ಕೆನ್ನೆಗೆ ಮಾತ್ರ ನಸುಗೆಂಪು. ಕೊಯ್ದ ದಿನ ಗರಿಗರಿ, ಸಿಹಿಯೊಳಗೆ ಒಂದು ಎಳೆ ಹುಳಿ. ಹೊರಗೆ ಇಟ್ಟರೆ ವಾರದಲ್ಲಿ ಹಿಟ್ಟು ಹಿಟ್ಟಾಗುತ್ತದೆ. ಹೀಗಾಗಿ ನೆರೆಹೊರೆಗೆ ಹಂಚಲೇಬೇಕು. ಇದನ್ನು ಲಾಭದ ಪಟ್ಟಿಗೆ ಸೇರಿಸುವುದು, ಬಿಡುವುದು ನೆರೆಹೊರೆಯವರನ್ನು ನೋಡಿಕೊಂಡು.

ಇನ್ನು ತಳಿ. ಕಾಶ್ಮೀರ, ಹಿಮಾಚಲಗಳ ಹಳೆಯ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸುಮಾರು 1,000 ಗಂಟೆ ಬೇಕು. ಅದು ಸಿಗದಿದ್ದರೆ ಮೊಗ್ಗು ಕಣ್ಣು ಬಿಡುವುದಿಲ್ಲ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು 7.8 ಡಿಗ್ರಿ. ಅಂದರೆ ದಾಖಲೆಯ ಪುಸ್ತಕದಲ್ಲಿ ಅಂಥ ಒಂದೇ ಒಂದು ಗಂಟೆಯೂ ಇಲ್ಲ. ಆದ್ದರಿಂದ ಕಡಿಮೆ ಚಳಿಯ ತಳಿಗಳೇ ಗತಿ: ಇಸ್ರೇಲಿನ ಅನ್ನಾ, ಬಹಾಮಾಸ್ ದ್ವೀಪಗಳಿಂದ ಬಂದ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸಪುರದ ಬಿಸಿಲು ಸೀಮೆಯಲ್ಲಿ ರೈತ ಹರಿಮನ್ ಶರ್ಮಾ ರೂಪಿಸಿದ ಎಚ್‌ಆರ್‌ಎಂಎನ್-99. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆ ತಳಿಯ ಹೆಸರು ಊರೂರಿಗೆ ತಲುಪಿತು. ಅದರ ಹೆಸರಿನಲ್ಲಿ ಕಂಡಕಂಡ ಸಸಿ ಮಾರುವವರೂ ಹುಟ್ಟಿಕೊಂಡರು.

ನಿಮ್ಮ ಜಾಗಕ್ಕೆ ಅನ್ನಾ ಒಂದು, ಡಾರ್ಸೆಟ್ ಗೋಲ್ಡನ್ ಒಂದು, ನಡುವೆ ಹತ್ತು ಅಡಿ. ಸೇಬು ಸಾಮಾನ್ಯವಾಗಿ ತನ್ನ ಪರಾಗಕ್ಕೆ ತಾನೇ ಕಾಯಿ ಕಚ್ಚುವುದಿಲ್ಲ, ಜೊತೆಯಲ್ಲೇ ಹೂ ಬಿಡುವ ಬೇರೆ ತಳಿ ಹತ್ತಿರ ಬೇಕು. ಯಾವ ಬೇರಿನ ಗಿಡಕ್ಕೆ ಕಸಿ ಕಟ್ಟಿದ್ದಾರೆ ಎಂದು ಕೇಳಿ. ಎಂಎಂ 106 ಎಂದರೆ ಮರ ತೀರ ಎತ್ತರಕ್ಕೆ ಹೋಗುವುದಿಲ್ಲ, ಸೇಬಿನ ಬೇರಿಗೆ ಹತ್ತುವ ಬಿಳಿ ಉಣ್ಣೆಯಂಥ ಹೇನಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಅದರ ಬುಡದಲ್ಲಿ ನೀರು ನಿಲ್ಲಬಾರದು. ಕಸಿಯ ಗಂಟು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ನಾನು ಮೊದಲ ಗಿಡಕ್ಕೆ ಅಕ್ಕರೆಯಿಂದ ಗೊಬ್ಬರ ಪೇರಿಸಿ ಗಂಟನ್ನೇ ಮುಚ್ಚಿದ್ದೆ. ಒಂದೇ ಮಳೆಗಾಲಕ್ಕೆ ಬುಡ ಕೊಳೆಯಿತು.

ಪ್ರಶ್ನೆ: ನಾಲ್ಕು ವರ್ಷದ ಅನ್ನಾ ಗಿಡ ನನ್ನ ತಲೆ ಮೀರಿ ಬೆಳೆದಿದೆ. ಎಲೆ ದಟ್ಟವಾಗಿದೆ, ಹೂ ಮಾತ್ರ ಇಲ್ಲ. ಯೂರಿಯಾ ಹಾಕಿದ್ದೂ ಆಯಿತು. ಮನೆಯವರು ಕಡಿದು ಕರಿಬೇವು ನೆಡೋಣ ಎನ್ನುತ್ತಿದ್ದಾರೆ.
— ಗೃಹಿಣಿ, ಬೆಂಗಳೂರು

ಉತ್ತರ: ಮನೆಯವರಿಗೆ ಇನ್ನೊಂದು ಜನವರಿಯವರೆಗೆ ತಾಳಿಕೊಳ್ಳಲು ಹೇಳಿ. ಯೂರಿಯಾ ಮೊದಲು ನಿಲ್ಲಿಸಿ, ನಿಮ್ಮ ಗಿಡ ಎಲೆಯಲ್ಲೇ ಮೈಮರೆತಿರುವುದಕ್ಕೆ ಅದೂ ಒಂದು ಕಾರಣ.

ಎರಡು ಕೆಲಸ ಮಾಡಿ. ಮೊದಲನೆಯದು, ನೆಟ್ಟಗೆ ಮೇಲಕ್ಕೆ ಹೋಗಿರುವ ರೆಂಬೆಗಳನ್ನು ಬಗ್ಗಿಸುವುದು. ರೆಂಬೆ ವಾಲಿದರೆ ಬೆಳವಣಿಗೆಯ ಓಟ ತಗ್ಗಿ ಅದರುದ್ದಕ್ಕೂ ಗಿಡ್ಡ ಗೆಣ್ಣುಗಳು ಮೂಡುತ್ತವೆ, ಹೂವಿನ ಮೊಗ್ಗು ಕಟ್ಟುವುದು ಹೆಚ್ಚಾಗಿ ಅಲ್ಲಿಯೇ. ಮಳೆಗಾಲದಲ್ಲಿ ರೆಂಬೆ ಬಳುಕುವಂತಿರುವಾಗ ಹಳೆಯ ಸೀರೆಯ ಪಟ್ಟಿಯಿಂದ ಕಟ್ಟಿ, ಅರ್ಧ ಇಟ್ಟಿಗೆ ತೂಗುಬಿಡಿ. ಅಡ್ಡಡ್ಡ ಮಲಗಿಸುವುದು ಬೇಡ, ಅರ್ಧಕ್ಕೆ ವಾಲಿದರೆ ಸಾಕು. ನನ್ನ ಮರಕ್ಕೆ ಇಟ್ಟಿಗೆ ತೂಗುಹಾಕಿದ್ದನ್ನು ನೋಡಿ ಹಾಲು ಹಾಕುವ ಹುಡುಗ ಇದು ಯಾವ ಹರಕೆ ಎಂದು ಕೇಳಿದ್ದ.

ಎರಡನೆಯದು ಎಲೆ ಕೀಳುವುದು. ಚಳಿ ಇಲ್ಲದ ಊರಿನಲ್ಲಿ ಸೇಬಿನ ಮರಕ್ಕೆ ಎಲೆ ಉದುರಿಸಬೇಕೆಂದು ತೋಚುವುದೇ ಇಲ್ಲ. ಹಳೆಯ ಎಲೆ ಅಂಟಿಕೊಂಡಿರುವವರೆಗೆ ಅದರ ಬುಡದ ಮೊಗ್ಗು ತಲೆ ಎತ್ತುವುದಿಲ್ಲ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬಾತು ಎಂಬ ಊರಿದೆ. ಸಮಭಾಜಕಕ್ಕೆ ಅಷ್ಟು ಹತ್ತಿರವಿದ್ದೂ ಅಲ್ಲಿ ಸೇಬಿನ ತೋಟಗಳಿವೆ. ಕೊಯ್ಲಾದ ಕೆಲವು ವಾರಗಳಿಗೆ ಮರದ ಎಲೆಯನ್ನೆಲ್ಲ ಕಿತ್ತು, ಮರ ಗಾಢ ನಿದ್ದೆಗೆ ಜಾರುವ ಮೊದಲೇ ಎಬ್ಬಿಸಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅಲ್ಲಿ ಹೆಸರಾದ ತಳಿ ರೋಮ್ ಬ್ಯೂಟಿ.  ನಮ್ಮ ರೈತರಿಗಂತೂ ಈ ವಿದ್ಯೆ ಹೊಸದಲ್ಲ. ದಾಳಿಂಬೆಗೆ ನೀರು ನಿಲ್ಲಿಸಿ, ಎಲೆ ಉದುರಿಸಿ ಬಹಾರ್ ಹಿಡಿಯುವವರನ್ನೋ (ಒಮ್ಮೆಗೇ ಹೂ ಬರಿಸುವವರನ್ನೋ) ವಿಜಯಪುರದಲ್ಲಿ ದ್ರಾಕ್ಷಿ ಚಾಟ್ನಿ ಮಾಡುವವರನ್ನೋ (ಬಳ್ಳಿ ಸವರುವವರನ್ನೋ) ಕೇಳಿ ನೋಡಿ.

ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ. ಡಿಸೆಂಬರ್ ನಡುವಿನಲ್ಲಿ ಎಲೆಗಳನ್ನು ಒಂದೊಂದಾಗಿ ಕೈಯಿಂದಲೇ ಕೀಳಿ. ತೊಟ್ಟನ್ನು ರೆಂಬೆಯ ತುದಿಯ ಕಡೆಗೆ ಎತ್ತಿ ಮುರಿದರೆ ಟಕ್ಕೆಂದು ಬಿಡಿಸಿಕೊಳ್ಳುತ್ತದೆ. ಕೆಳಕ್ಕೆ ಜಗ್ಗಿದರೆ ತೊಗಟೆ ಸೀಳಿ, ಕಂಕುಳಲ್ಲಿರುವ ಮೊಗ್ಗೂ ಕೈಗೆ ಬರುತ್ತದೆ. ನಿಮ್ಮ ಗಿಡಕ್ಕೆ ಒಂದು ಬೆಳಗಿನ ಕೆಲಸ. ನಾನು ಮೊದಲ ಬಾರಿ ಕಿತ್ತಾಗ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ "ಹಸಿರು ಮರವನ್ನು ಹೀಗೆ ಬೋಳಿಸುತ್ತಾರೆಯೇ?" ಎಂದು ಬೈದಿದ್ದರು. ಬಳಿಕ ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಕೊಟ್ಟು ಚೆನ್ನಾಗಿ ನೀರುಣಿಸಿ. ಮೂರು ನಾಲ್ಕು ವಾರದಲ್ಲಿ ಬೂದು ರೋಮದ ಮೊಗ್ಗು ಬಿರಿದು, ನಡುವೆ ಗುಲಾಬಿ ಬಣ್ಣದ ಐದಾರು ಮೊಗ್ಗುಗಳ ಗೊಂಚಲು ಕಾಣುತ್ತದೆ. ಅರಳಿದ ಮೇಲೆ ಬಿಳುಪು. ಬೈದ ಅಜ್ಜಿಯೇ ಜನವರಿಯಲ್ಲಿ ಮೊಮ್ಮಗಳನ್ನು ಕರೆತಂದು ಹೂ ತೋರಿಸಿದರು.

ಹೂವಿದ್ದಷ್ಟು ದಿನ ಬೇವಿನೆಣ್ಣೆಯೂ ಸೇರಿ ಯಾವ ಸಿಂಪಡಣೆಯೂ ಬೇಡ. ತುಡುವೆ ಜೇನು, ಮುಜಂಟಿ ಜೇನು ಬರುತ್ತವೆ. ಅವು ನಿಮ್ಮ ಬದನೆ, ಹೀರೆ, ಕುಂಬಳಕ್ಕೂ ಹೋಗುತ್ತವೆ. ಹಿತ್ತಲಿನಲ್ಲಿ ಸೇಬು ಇದ್ದರೆ ಸಿಗುವ ಲಾಭಗಳಲ್ಲಿ ನನಗೆ ಇದೇ ದೊಡ್ಡದು. ಕಾಯಿ ನೆಲ್ಲಿಕಾಯಿ ಗಾತ್ರಕ್ಕೆ ಬಂದಾಗ ಗೊಂಚಲಿಗೆ ಒಂದನ್ನು ಬಿಟ್ಟು ಉಳಿದವನ್ನು ಕಿತ್ತುಬಿಡಿ. ಕರುಳು ಚುರುಕ್ಕೆನ್ನುತ್ತದೆ, ಆದರೂ ಕೀಳಿ. ಉಳಿದ ಕಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣದ ಕಾಟ ತಪ್ಪುತ್ತದೆ. ನಿಮ್ಮ ಪತ್ರದಲ್ಲಿ ಒಂದೇ ಗಿಡದ ಮಾತಿದೆ. ತಾರಸಿಯ ದೊಡ್ಡ ಕುಂಡದಲ್ಲಾದರೂ ಡಾರ್ಸೆಟ್ ಗೋಲ್ಡನ್ ಒಂದನ್ನು ತನ್ನಿ, ಇಲ್ಲದಿದ್ದರೆ ಹೂ ನೋಡಿಯೇ ತೃಪ್ತಿಪಡಬೇಕಾದೀತು.

ಪ್ರಶ್ನೆ: ಮಗಳು ತಿಂದ ಸೇಬಿನ ಬೀಜ ಕುಂಡದಲ್ಲಿ ಹಾಕಿದ್ದಳು. ಎರಡು ಮೊಳಕೆ ಬಂದಿವೆ. ಬೆಳೆಸಬಹುದೇ?
— ಓದುಗರು, ಹಾಸನ

ಉತ್ತರ: ಬೆಳೆಸಿ, ಆದರೆ ತಿಂದ ಹಣ್ಣೇ ಮತ್ತೆ ಬರುತ್ತದೆಂದು ಮಗಳಿಗೆ ಮಾತು ಕೊಡಬೇಡಿ. ಪ್ರತಿ ಬೀಜಕ್ಕೂ ತಂದೆ ಬೇರೆ ಮರವಾದ್ದರಿಂದ ಹುಟ್ಟುವುದು ಹೊಸ ತಳಿ, ಬಹುಪಾಲು ಸಪ್ಪೆಯೋ ಒಗರೋ. ಹಣ್ಣಿಗೆ ಏಳೆಂಟು ವರ್ಷ ಕಾಯಬೇಕಾಗಬಹುದು. ಅಂಗಡಿಯ ಹಣ್ಣಿನ ತಾಯಿ ಚಳಿ ಸೀಮೆಯದಾದರೆ ಹಾಸನದಲ್ಲಿ ಹೂ ಬಿಡುವುದೇ ಅನುಮಾನ.

ಹಾಗೆಂದು ಕಿತ್ತೆಸೆಯಲೂ ಮನಸ್ಸು ಬರುವುದಿಲ್ಲ. 1809ರಲ್ಲಿ ಇಂಗ್ಲೆಂಡಿನ ಸೌತ್‌ವೆಲ್ ಎಂಬ ಊರಿನಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಹೀಗೆಯೇ ಬೀಜ ನೆಟ್ಟಿದ್ದಳು. ಆ ಮರದ ಹುಳಿ ಹಣ್ಣೇ ಮುಂದೆ ಆ ದೇಶದ ಅಡುಗೆಮನೆಗಳ ಬ್ರ್ಯಾಮ್ಲಿ ಸೇಬಾಯಿತು. ಹೆಸರು ಮಾತ್ರ ಅವಳದಲ್ಲ, ಆ ಮನೆಯನ್ನು ಆಮೇಲೆ ಕೊಂಡ ಕಟುಕನದು. ಮಗಳ ಗಿಡದ ಕಾಂಡ ಪೆನ್ಸಿಲ್ ದಪ್ಪವಾದಾಗ ಅದಕ್ಕೇ ಅನ್ನಾ ಕಡ್ಡಿಯನ್ನು ಕಸಿ ಕಟ್ಟಿಸಿ. ಬೇರು ಅವಳದೇ ಉಳಿಯುತ್ತದೆ.

ಪ್ರಶ್ನೆ: ಕರಾವಳಿಯಲ್ಲಿ ಸೇಬು ಬರುತ್ತದೆಯೇ?
— ಓದುಗರು, ಉಡುಪಿ

ಉತ್ತರ: ನನ್ನ ಸಲಹೆ ಬೇಡ ಎಂದೇ. ನಿಮ್ಮಲ್ಲಿ ರಾತ್ರಿಯೂ ಸೆಕೆ, ಮಳೆಗಾಲ ದೀರ್ಘ, ಬುಡ ಕೊಳೆಯುವುದೂ ಎಲೆಗೆ ಚುಕ್ಕೆ ಬೀಳುವುದೂ ತಪ್ಪದು. ಅಡಿಕೆಗೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆದೇ ಸಾಕಾಗಿರುವವರು ಇನ್ನೊಂದು ಗಿಡದ ಚಾಕರಿ ಏಕೆ ಹೊರಬೇಕು? ಪನ್ನೇರಳೆ ನೆಡಿ.

ಪ್ರಶ್ನೆ: ನಾವು ಕೊಂಡ ಮನೆಯ ಹಿಂದೆ ಹಳೆಯ ದೊಡ್ಡ ಸೇಬಿನ ಮರವಿದೆ. ಹಣ್ಣು ಮುಷ್ಟಿಗಿಂತ ದಪ್ಪ, ಹಸಿರು, ವಿಪರೀತ ಹುಳಿ. ಅಕ್ಟೋಬರಿನಲ್ಲಿ ರಾಶಿ ರಾಶಿ ಉದುರುತ್ತದೆ. ತೆಗೆಸಿ ಸಿಹಿ ತಳಿ ಹಾಕೋಣವೇ?
— ಕನ್ನಡ ಕುಟುಂಬ, ರೆಡಿಂಗ್, ಇಂಗ್ಲೆಂಡ್

ಉತ್ತರ: ವಿವರ ನೋಡಿದರೆ ಮೇಲೆ ಹೇಳಿದ ಬ್ರ್ಯಾಮ್ಲಿಯೇ ಇರಬೇಕು. ದಯವಿಟ್ಟು ಕಡಿಸಬೇಡಿ. ನಾವಿಲ್ಲಿ ಎಲೆ ಕಿತ್ತು, ಇಟ್ಟಿಗೆ ಕಟ್ಟಿ ಬೇಡಿಕೊಳ್ಳುವುದನ್ನು ನಿಮ್ಮ ಚಳಿ ಪುಕ್ಕಟೆಯಾಗಿ ಮಾಡಿಕೊಡುತ್ತಿದೆ. ಕಾಯಿ ಕಚ್ಚುತ್ತಿರುವುದರಿಂದ ಪರಾಗ ಕೊಡುವ ಮರಗಳು ಅಕ್ಕಪಕ್ಕದ ಹಿತ್ತಲುಗಳಲ್ಲಿ ಇವೆ ಎಂದೇ ಅರ್ಥ. ಎಲೆ ಉದುರಿದ ಮೇಲೆ, ವಸಂತಕ್ಕೆ ಮೊದಲು, ಒಣಗಿದ ಮತ್ತು ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಸವರಿಸಿ. ಒಂದೇ ವರ್ಷ ಪೂರ್ತಿ ಬೋಳಿಸಿದರೆ ಮರ ಸಿಟ್ಟಿಗೆದ್ದಂತೆ ನೆಟ್ಟನೆಯ ಚಿಗುರುಗಳನ್ನೇ ಎಬ್ಬಿಸುತ್ತದೆ.

ಪೆಟ್ಟಾಗದ ಹಣ್ಣನ್ನು ಒಂದೊಂದಾಗಿ ವೃತ್ತಪತ್ರಿಕೆಯಲ್ಲಿ ಸುತ್ತಿ ತಣ್ಣನೆಯ ಶೆಡ್ಡಿನಲ್ಲಿಟ್ಟರೆ ಚಳಿಗಾಲ ಕಳೆಯುವವರೆಗೂ ಬರುತ್ತದೆ. ಹುಳಿಯ ವಿಷಯಕ್ಕೆ ಬಂದರೆ, ಯುಗಾದಿಗೆ ಅಲ್ಲಿ ನಮ್ಮ ಮಾವಿನಕಾಯಿ ಹುಡುಕಿ ಅಲೆಯುವವರು ನೀವೇ ಅಲ್ಲವೇ? ಈ ಸೇಬನ್ನು ಸಿಪ್ಪೆ ಸಮೇತ ತುರಿದು, ಹಸಿಮೆಣಸು, ತೆಂಗಿನತುರಿ, ಸಾಸಿವೆಯೊಂದಿಗೆ ರುಬ್ಬಿ ಚಿತ್ರಾನ್ನ ಕಲಸಿ ನೋಡಿ. ತುರಿದ ಕೂಡಲೇ ಉಪ್ಪು ಬೆರೆಸಿ, ಇಲ್ಲದಿದ್ದರೆ ಕಂದು ತಿರುಗುತ್ತದೆ. ಮಾವಿನ ಸೊನೆಯ ಘಮ ಬರುವುದಿಲ್ಲ, ಅದೊಂದನ್ನು ಬಿಟ್ಟುಕೊಡಬೇಕು.